ಅಭಯಣ್ಣ ಸ್ಟ್ರೆಚರ್ ಏರಿದ್ದು

ಆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿಗೆ ಹೋಗುವ ಪ್ರತಿಯೊಬ್ಬ ರೋಗಿಗೂ ಎರಡು ಇಂಜೆಕ್ಷನ್ ಬೀಳುತ್ತಿದ್ದವು. ಒಂದನ್ನು ನರ್ಸು ಕೈಗೆ ಚುಚ್ಚುತ್ತಿದ್ದಳು, ಇನ್ನೊಂದನ್ನು ಅಭಯಣ್ಣ ಕಿವಿಗೆ. ಮೊದಲನೆಯದು ಇರುವೆ ಕಚ್ಚಿದಷ್ಟು ಹೊತ್ತು. ಎರಡನೆಯದು ವಾರ್ಡಿನ ಬಾಗಿಲಲ್ಲಿ ಶುರುವಾದರೆ ಉದ್ದನೆಯ ಕಾರಿಡಾರು ಮುಗಿದು, ಥಿಯೇಟರಿನ ಹಸಿರು ಬಾಗಿಲು ಮುಚ್ಚುವ ತನಕ ನಿಲ್ಲುತ್ತಿರಲಿಲ್ಲ.

ಅಭಯಣ್ಣ ಎನ್ನುವುದು ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಅವನ ಕೆಲಸ ಸ್ಟ್ರೆಚರ್ ತಳ್ಳುವುದು. ಅವನನ್ನು ಕೇಳಿದರೆ, ಸ್ಟ್ರೆಚರ್ ಅದರ ಪಾಡಿಗೆ ಅದು ಉರುಳುತ್ತದೆ, ತಾನು ಮಾಡುವುದು ಧೈರ್ಯ ತುಂಬುವ ಕೆಲಸ ಎನ್ನುತ್ತಿದ್ದ. "ಯಾಕೆ ಹೆದರ್ತೀರಿ? ಜೊತೆಗಿರ್ತೀನಿ ಅಂತ ದೇವರು ಮಾತು ಕೊಟ್ಟಿದ್ದಾನೆ. ಅವನು ಕೊಟ್ಟ ಮಾತು ನಮ್ಮ ನಿಮ್ಮ ಮಾತಿನ ಹಾಗಲ್ಲ. ಮೊಣಕೈ ಒಳಗೆ ತಗೊಳ್ಳಿ, ಬಾಗಿಲು ಬಂತು." ಹೀಗೆ ಮೇಲಿನ ಲೋಕದ ಭರವಸೆಯೂ ಕೆಳಗಿನ ಲೋಕದ ಎಚ್ಚರಿಕೆಯೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಇದನ್ನು ಕೇಳಿ ಕೇಳಿ ಕಿವಿ ತೂತಾಗಿದ್ದ ವಾರ್ಡಿನ ದೊಡ್ಡ ಸಿಸ್ಟರ್ ಒಂದು ದಿನ, "ಬಂದ್ರಪ್ಪ ನಮ್ಮ ಅಭಯಣ್ಣ" ಎಂದು ಕಿಚಾಯಿಸಿದರು. ಅವನು ಅದನ್ನು ಬಿರುದು ಎಂದು ಭಾವಿಸಿ ಎದೆಗೆ ಅಂಟಿಸಿಕೊಂಡ.

ಅವನ ಸರಕು ಬರುತ್ತಿದ್ದದ್ದು ಪ್ರಾರ್ಥನಾ ಮಂದಿರದಿಂದ. ರಜೆಯ ದಿನ ತಪ್ಪದೆ ಅಲ್ಲಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ದೇವರು ಯಾವಾಗ ಯಾರಿಗೆ ಏನೇನು ಮಾತು ಕೊಟ್ಟ ಎಂದು ಹಿರಿಯರು ಹೇಳುವುದನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ಬರುತ್ತಿದ್ದ. ಆಮೇಲೆ ಅವನ್ನು ಔಷಧದ ಅಂಗಡಿಯವನ ಹಾಗೆ ವಿಂಗಡಿಸುತ್ತಿದ್ದ. ಮೂಳೆ ಮುರಿದವರಿಗೆ ಒಂದು ಭರವಸೆ, ಹೃದಯದವರಿಗೆ ಇನ್ನೊಂದು. ಚೊಚ್ಚಲ ಹೆರಿಗೆಗೆ ಒಂದು, ಜೊತೆಗೆ ಬಂದು ಹೊರಗೆ ಬೆವರುವ ಗಂಡಂದಿರಿಗೆ ಅದಕ್ಕಿಂತ ಬಲವಾದದ್ದು. ಟಾನ್ಸಿಲ್ ತೆಗೆಸುವ ಮಕ್ಕಳಿಗೆ ಅರ್ಧ ಡೋಸು ಸಾಕು ಎಂಬುದು ಅವನ ಅನುಭವ.

ಇಷ್ಟೆಲ್ಲ ಹಂಚುವವನು ತಾನೇ ಒಂದು ಗುಟುಕು ಕುಡಿದು ನೋಡಿರಲಿಲ್ಲ. ಯಾರಿಗಾದರೂ ಸೂಜಿ ಚುಚ್ಚುವಾಗ ಅವನಿಗೆ ಕಿಟಕಿಯಾಚೆ ಏನೋ ತುರ್ತಾಗಿ ನೋಡುವುದಿರುತ್ತಿತ್ತು. ಸಿಬ್ಬಂದಿಗೆಲ್ಲ ಜ್ವರದ ಲಸಿಕೆ ಹಾಕಿದ ದಿನ ಬಟ್ಟೆ ಕೋಣೆಗೆ ಹೋದವನು, ಬೆಡ್‌ಶೀಟುಗಳ ರಾಶಿಯ ಹಿಂದೆ ಕೂತು, ಲಸಿಕೆಯವರು ಪೆಟ್ಟಿಗೆ ಮುಚ್ಚಿದ ಮೇಲೆ ಎದ್ದು ಬಂದಿದ್ದ. "ಅಯ್ಯೋ, ಮುಗೀತಾ? ಛೇ!" ಎಂದು ಮರುಗಿದ್ದ ಕೂಡ.

ದೇವರಿಗೆ ಇದೆಲ್ಲ ಕಾಣದೆ ಇರುತ್ತದೆಯೆ? ಅಭಯಣ್ಣನ ಹೊಟ್ಟೆಯ ಕೆಳಗೆ, ಬಲಗಡೆಗೆ, ನಿಂಬೆಹಣ್ಣಿನ ಗಾತ್ರದ ಒಂದು ಉಬ್ಬು ಕಾಣಿಸಿಕೊಂಡಿತು. ಮಲಗಿದರೆ ಮಾಯ, ಎದ್ದರೆ ಹಾಜರು. ಅದು ಹರ್ನಿಯಾ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಥ ಎಷ್ಟೋ ಹೊಟ್ಟೆಗಳನ್ನು ತಳ್ಳಿಕೊಂಡು ಹೋದವನು ಅವನು. "ಇದೆಲ್ಲ ಏನೂ ಅಲ್ಲ, ಗುಂಡಿ ಹೊಲಿದಷ್ಟು ಸಲೀಸು" ಎಂದವನು. ಈಗ ಅಗಲವಾದ ಬೆಲ್ಟೊಂದನ್ನು ತಂದು ಅಂಗಿಯ ಒಳಗೆ ಬಿಗಿದುಕೊಂಡ. ಉಬ್ಬು ಕೋಳಿಮೊಟ್ಟೆಯಾಯಿತು. ಬೆಲ್ಟು ಇನ್ನೊಂದು ತೂತು ಮುಂದಕ್ಕೆ ಹೋಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಅವನ ಹೆಂಡತಿ, ದಿನವಿಡೀ ಬಟ್ಟೆಯ ಸುಕ್ಕು ನೋಡುವವಳು, ಗಂಡನ ಅಂಗಿಯ ಸುಕ್ಕಿನಲ್ಲಿ ಏನೋ ಎಡವಟ್ಟಿದೆ ಎಂದು ಮೊದಲ ವಾರವೇ ಕಂಡುಹಿಡಿದಿದ್ದಳು.

"ತೋರ್ಸಿ ಡಾಕ್ಟ್ರಿಗೆ" ಎಂದರೆ, "ದೇವರಿಗೆ ತೋರ್ಸಿದೀನಿ" ಎನ್ನುತ್ತಿದ್ದ. ಅವಳು ಇಸ್ತ್ರಿಪೆಟ್ಟಿಗೆಯನ್ನು ಜೋರಾಗಿ ಇಡುತ್ತಿದ್ದಳು.

ಹೀಗೆ ಎರಡು ವರ್ಷ ನಡೆಯಿತು. ಒಂದು ಬೆಳಗ್ಗೆ ಬೇಕರಿಯವನೊಬ್ಬನನ್ನು ಥಿಯೇಟರಿಗೆ ಸಾಗಿಸುವ ಸರದಿ ಬಂತು. ಪಿತ್ತಕೋಶದಲ್ಲಿ ಕಲ್ಲು. ಆಳು ಭಾರಿ, ಮೈದಾದ ಮೂಟೆಗಳನ್ನು ಎತ್ತೀ ಎತ್ತೀ ತಾನೂ ಒಂದು ಮೂಟೆಯಾಗಿದ್ದ. ಆದರೆ ಸ್ಟ್ರೆಚರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮಗುವಿನ ಹಾಗೆ ಮುಲುಗುತ್ತಿದ್ದ. ಅಭಯಣ್ಣ ಕಲ್ಲಿನವರಿಗೆ ಕೊಡುವ ಭರವಸೆಯನ್ನು ಹೊರತೆಗೆದ.

ಹಳೇ ಕಟ್ಟಡ ಮುಗಿದು ಹೊಸ ಕಟ್ಟಡ ಶುರುವಾಗುವಲ್ಲಿ ನೆಲದಲ್ಲಿ ಒಂದು ಏರು ಪಟ್ಟಿ ಇತ್ತು. ಅಲ್ಲಿ ಸ್ಟ್ರೆಚರನ್ನು ಒಂದು ಹೆಜ್ಜೆ ಹಿಂದಕ್ಕೆಳೆದು, ಸೊಂಟ ಕೊಟ್ಟು ದೂಡಬೇಕು. ಅಭಯಣ್ಣ ಎಳೆದ, ದೂಡಿದ. ಸ್ಟ್ರೆಚರ್ ಅಲುಗಲಿಲ್ಲ, ಹೊಟ್ಟೆಯೊಳಗೆ ಏನೋ ಅಲುಗಿತು. ಕಣ್ಣು ಕತ್ತಲೆ ಬಂದು, ಗೋಡೆಗೆ ಬೆನ್ನು ಒರಗಿಸಿ, ಅಲ್ಲೇ ಕುಸಿದು ಕೂತ.

ಭರವಸೆಯ ಮಾತು ಅರ್ಧಕ್ಕೇ ನಿಂತಿತು. ಬೇಕರಿಯವನು ಒಂದು ಕಣ್ಣು ತೆರೆದ. "ಅಣ್ಣಾ? ದೇವರು ಜೊತೆಗಿರ್ತಾನೆ ಅಂತಿದ್ರಿ. ನೀವೆಲ್ಲಿ ಹೋದ್ರಿ?"

"ಇಲ್ಲೇ... ಕೆಳಗೆ..."

ಬೇಕರಿಯವನು ಬಗ್ಗಿ ನೋಡಿದ. ಮುಂದಿನದು ಆ ಆಸ್ಪತ್ರೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ರೋಗಿ ಸ್ಟ್ರೆಚರಿನಿಂದ ಇಳಿದ. ಹಿಂದೆ ತೆರೆದುಕೊಳ್ಳುವ ಹಸಿರು ನಿಲುವಂಗಿಯನ್ನು ಒಂದು ಕೈಯಲ್ಲಿ ಮಾನದ ಸಲುವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಅಭಯಣ್ಣನನ್ನು ಬಾಚಿ ಮೂಟೆಯ ಹಾಗೆ ಮೇಲಕ್ಕೆ ಹಾಕಿದ. ಆಮೇಲೆ ಮಾನದ ಆಸೆಯನ್ನೂ ಬಿಟ್ಟು, ಎರಡೂ ಕೈಯಿಂದ ತಳ್ಳಿಕೊಂಡು ವಾರ್ಡಿನ ಕಡೆಗೆ ಓಡಿದ. ಥಿಯೇಟರಿನಿಂದ ದೂರ ಹೋಗುವ ದಾರಿಯಾದ್ದರಿಂದ ಅವನ ಕಾಲಿಗೆ ಎಲ್ಲಿಲ್ಲದ ಹುರುಪು ಬಂದಿತ್ತು.

ದೊಡ್ಡ ಸಿಸ್ಟರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ಪೇಷಂಟ್ ಯಾರು?" ಎಂದರು.

"ಇವತ್ತಿಗೆ ಇವರು ಸಿಸ್ಟರ್" ಎಂದ ಬೇಕರಿಯವನು. "ನನ್ನದು ನಾಳೆ ನೋಡ್ಕೊಳ್ಳೋಣ."

ಸರ್ಜನ್ ಬಂದರು. ಮಾತಿಗಿಂತ ಕೈ ಚುರುಕಾದ ಹೆಂಗಸು. ಉಬ್ಬನ್ನು ಮೆಲ್ಲಗೆ ಒತ್ತಿ, ಹೇಗೋ ಒಳಗೆ ಕಳಿಸಿದರು. "ಎಷ್ಟು ದಿನದಿಂದ ಇದೆ?"

"ಈಗ... ಇತ್ತೀಚೆಗೆ..."

"ಇತ್ತೀಚೆಗೆ ಅಂದ್ರೆ ಎರಡು ವರ್ಷ ಡಾಕ್ಟ್ರೇ" ಎಂಬ ದನಿ ಬಾಗಿಲಿನಿಂದ ಬಂತು. ಲಾಂಡ್ರಿಯಿಂದ ಓಡಿ ಬಂದ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತಿದ್ದಳು.

"ಈ ಸಲ ಒಳಗೆ ಹೋಯ್ತು" ಎಂದರು ಸರ್ಜನ್. "ಮುಂದಿನ ಸಲ ಹೋಗದೆ ಸಿಕ್ಕಿಹಾಕ್ಕೊಂಡ್ರೆ ಕರುಳು ಕೊಳೆಯುತ್ತೆ. ಆಮೇಲೆ ನಿಮ್ಮನ್ನ ಉಳಿಸೋಕೆ ನನ್ನ ಕೈಲಿ ಆಗುತ್ತೋ ಇಲ್ವೋ. ನಾಳೆ ಬೆಳಗ್ಗೆ ಮಾಡಿಬಿಡೋಣ."

"ಪ್ರಾರ್ಥನೆ ಮಾಡಿ ಹೇಳ್ತೀನಿ ಡಾಕ್ಟ್ರೇ."

"ಮಾಡಿ. ರಾತ್ರಿ ಏನೂ ತಿನ್ಬೇಡಿ, ಅಷ್ಟೆ."

ಸರ್ಜನ್ ಅತ್ತ ಹೋದದ್ದೇ ತಡ, ಅಭಯಣ್ಣ ಚಪ್ಪಲಿ ಹುಡುಕಿದ. ಹೆಂಡತಿ ಅದರ ಮೇಲೆ ಕಾಲಿಟ್ಟಳು.

"ನೋಡು, ಕಾಪಾಡ್ತೀನಿ ಅಂತ ದೇವರು ಅಂದಿದ್ದಾನೆ. ಅವನನ್ನ ನಂಬಿದೋನು ಹೋಗಿ ಕತ್ತರಿ ಕೆಳಗೆ ಮಲಗಿದ್ರೆ, ಅದು ಅಪನಂಬಿಕೆ ಆಗಲ್ವೇನೇ?"

"ಅಬ್ಬಬ್ಬಾ! ಊರೋರನ್ನೆಲ್ಲ ಅದೇ ಕತ್ತರಿ ಕೆಳಗೆ ತಳ್ಕೊಂಡು ಹೋದಾಗ ನಂಬಿಕೆ, ನಿಮ್ಮ ಹೊಟ್ಟೆಗೆ ಬಂದ ತಕ್ಷಣ ಅಪನಂಬಿಕೆನಾ?"

"ಅವರ ವಿಷಯ ಬೇರೆ..."

"ಏನು ಬೇರೆ? ಅವರದು ಹೊಟ್ಟೆ ಅಲ್ವಾ, ದಿಂಬಿನ ಕವರಾ? ಜೊತೆಗಿರ್ತೀನಿ ಅಂದಿದ್ದಾನೆ ಅಂತ ನೀವೇ ತಾನೇ ಸಾರೋದು? ನಿಮ್ಮ ಬದಲು ನಾನೇ ಹೋಗಿ ಮಲಗ್ತೀನಿ ಅಂದಿದ್ದಾನಾ? ನೀವು ಹೊರಟ್ರೆ ತಾನೇ ಅವನು ಜೊತೆಗೆ ಬರೋದು? ಬಟ್ಟೆ ರಾಶಿ ಹಿಂದೆ ಕೂತೋರ ಜೊತೆ ಅವನೆಲ್ಲಿಗೆ ಹೋಗ್ಬೇಕು, ಪಾಪ?"

ಬಟ್ಟೆ ರಾಶಿಯ ಸಂಗತಿ ಇವಳಿಗೆ ಹೇಗೆ ಗೊತ್ತಾಯಿತು ಎಂದು ಅಭಯಣ್ಣ ಬಾಯಿ ಬಿಟ್ಟ. ಅವನು ಒರಗಿ ಸುಕ್ಕು ಮಾಡಿದ ಆ ರಾಶಿಗೆ ಮತ್ತೆ ಇಸ್ತ್ರಿ ಹಾಕಿದವಳು ಅವಳೇ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಕೆಲಸಕ್ಕೆ ಹೋದಳು.

ಪಕ್ಕದ ಹಾಸಿಗೆಗೆ ಬೇಕರಿಯವನನ್ನು ತಂದು ಹಾಕಿದ್ದರು. ಅವನದೂ ಮಾರನೇ ದಿನಕ್ಕೆ. ಸಂಜೆ ಅವನು ಈ ಕಡೆ ಹೊರಳಿ, "ಅಣ್ಣಾ, ಬೆಳಗ್ಗೆ ಚೆನ್ನಾಗಿ ಹೇಳ್ತಿದ್ರಿ, ಅರ್ಧಕ್ಕೇ ನಿಂತ್ಹೋಯ್ತು. ಮುಗಿಸಿಬಿಡಿ" ಎಂದ.

ಅಭಯಣ್ಣ ಗಂಟಲು ಸರಿಮಾಡಿಕೊಂಡ. ಅಷ್ಟು ವರ್ಷ ನಲ್ಲಿ ತಿರುಗಿಸಿದ ಹಾಗೆ ಬರುತ್ತಿದ್ದ ಮಾತು ಈಗ ಬರೀ ಗಾಳಿ ಉಗುಳಿತು. ಕೊನೆಗೆ ಬಂದದ್ದು ಇಷ್ಟು: "ನಂಗೆ ಭಯ ಆಗ್ತಿದೆ ಮಾರಾಯ."

ಬೇಕರಿಯವನು ಅವನನ್ನೇ ನೋಡಿದ. ಆಮೇಲೆ ಪಿತ್ತಕೋಶವನ್ನು ಒತ್ತಿಹಿಡಿದು ನಗಲು ಶುರುಮಾಡಿದ. "ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ! ನಂಬಿಕೆ ಇರೋರಿಗೆ ಭಯ ಆಗಲ್ಲ ಅಂದ್ಕೊಂಡಿದ್ದೆ. ನಂಗೆ ಆಗ್ತಿದೆ, ಅಂದ್ರೆ ನಂಗೆ ನಂಬಿಕೆ ಇಲ್ಲ, ಅಂದ್ರೆ ದೇವರು ನನ್ನ ಜೊತೆಗೆ ಬರಲ್ಲ ಅಂತ ಲೆಕ್ಕ ಹಾಕಿ ಇನ್ನಷ್ಟು ಹೆದರಿದ್ದೆ. ನಿಮಗೇ ಆಗುತ್ತೆ ಅಂದ್ಮೇಲೆ ನಂದೇನು ಬಿಡಿ." ನಗು ನಿಂತ ಮೇಲೆ ಮೆಲ್ಲಗೆ ಸೇರಿಸಿದ: "ನೋಡಿ ಅಣ್ಣಾ, ನಾಳೆ ನೀವು ಹೋದ್ರೆ ನಾನೂ ಹೋಗ್ತೀನಿ. ನೀವು ಹೋಗ್ದಿದ್ರೆ ನಾನು ಸೀದಾ ಅಂಗಡಿಗೆ. ಕಲ್ಲು ಇದ್ದಲ್ಲೇ ಇರ್ಲಿ."

ಈಗ ಅಭಯಣ್ಣನಿಗೆ ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥನೆಗೆ ತೊಡಗಿದ. ಹಿರಿಯರಿಂದ ಕಲಿತ ಗಂಭೀರ ಮಾತುಗಳನ್ನು ಒಂದೊಂದಾಗಿ ಎತ್ತಿದ. ಎಲ್ಲವೂ ಬೇರೆಯವರ ಅಳತೆಗೆ ಹೊಲಿಸಿದ ಅಂಗಿಗಳ ಹಾಗಿದ್ದವು. ಅವನ್ನೆಲ್ಲ ಬದಿಗಿಟ್ಟು ಮನೆಯ ಮಾತಿಗೆ ಇಳಿದ.

"ನೋಡಪ್ಪ, ನಿನ್ನ ಹೆಸರು ಹೇಳಿ ಕಂಡಕಂಡೋರಿಗೆಲ್ಲ ಭರವಸೆ ಹಂಚಿದೀನಿ. ನಿನ್ನ ಕೇಳಿ ಹಂಚಿದ್ದಲ್ಲ, ನಿಜ. ಆದ್ರೆ ಮಾತು ನಿಂದೇ. ನಾನು ಓಡಿಹೋದ್ರೆ ಹೋಗೋದು ನನ್ನ ಮಾನ, ಅದು ಹೋಗ್ಲಿ; ಈ ಬೇಕರಿಯವನು ಕಲ್ಲು ಹೊತ್ಕೊಂಡು ಮನೆಗೆ ಹೋಗ್ತಾನೆ. ಭಯ ತೆಗೆದುಬಿಡು ಅಂತ ಕೇಳೋಷ್ಟು ಮುಖ ನಂಗಿಲ್ಲ. ಬರ್ತೀನಿ ಅಂದಿದ್ದೀಯಲ್ಲ, ಬಾ. ಅಷ್ಟು ಸಾಕು."

ಉತ್ತರ ಬರಲಿಲ್ಲ. ನಿದ್ದೆ ಬಂತು. ಅವನಿಗೇ ಆಶ್ಚರ್ಯ.

ಬೆಳಗ್ಗೆ ಅವನನ್ನು ತಳ್ಳಲು ಬಂದವನು ಎಲ್ಲರೂ ಕುಳ್ಳ ಎಂದು ಕರೆಯುವ ಜೊತೆ ಕೆಲಸಗಾರ. ಅಭಯಣ್ಣ ಮೊದಲ ಸಲ ಆ ಕಾರಿಡಾರನ್ನು ಮಲಗಿ ನೋಡಿದ. ಇಷ್ಟು ವರ್ಷ ಓಡಾಡಿದ ಜಾಗಕ್ಕೆ ಇಂಥ ದರಿದ್ರ ಛಾವಣಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ: ನೀರು ಇಳಿದ ಕಲೆಗಳು, ಕೆಟ್ಟ ಟ್ಯೂಬ್‌ಲೈಟು, ಜೇಡರ ಸಂಸಾರಗಳು. ತಲೆಯ ಕಡೆಯಿಂದ ಕುಳ್ಳನ ಮುಖ ಬಗ್ಗಿತು. ತಲೆಕೆಳಗಾದ ಮುಖ, ಎರಡು ದೊಡ್ಡ ಮೂಗಿನ ಹೊಳ್ಳೆಗಳು, ಅದರಾಚೆ ಹಲ್ಲು. ಕುಳ್ಳ ನಕ್ಕದ್ದು ನೋಡಿದರೆ ಕಚ್ಚಲು ಬಂದ ಹಾಗಿತ್ತು.

"ಹೆದರ್ಬೇಡ ಕಣೋ. ದೇವರು... ಏನದು? ಮುಂದೆ ಏನೋ ಹೇಳ್ತಿದ್ದೆಯಲ್ಲ ನೀನು?"

"ಏನೂ ಹೇಳ್ಬೇಡ. ಪಕ್ಕಕ್ಕೆ ಬಂದು ತಳ್ಳು, ಪುಣ್ಯ ಬರುತ್ತೆ" ಎಂದ ಅಭಯಣ್ಣ. ಪಾಪದ ಆ ರೋಗಿಗಳು ಇಷ್ಟು ವರ್ಷ ಎರಡು ಹೊಳ್ಳೆಗಳಿಂದ ದೇವರ ಭರವಸೆ ಪಡೆದು ಒಳಗೆ ಹೋದರಲ್ಲ ಎಂದು ನೆನೆದು ಅವನಿಗೆ ನಗು ಬಂತು, ನಾಚಿಕೆಯೂ ಬಂತು. ನಡುಕ ಮಾತ್ರ ನಿಲ್ಲಲಿಲ್ಲ. ಕೈಕಾಲು ಕಂಬಿಗೆ ತಗುಲಿ ಟಕಟಕ ಸದ್ದು ಮಾಡುತ್ತಿದ್ದವು.

ಹಸಿರು ಬಾಗಿಲ ತನಕ ಹೆಂಡತಿ ಜೊತೆಗೆ ನಡೆದು ಬಂದಳು. ಅವನ ಮೇಲಿನ ಶೀಟನ್ನು ಅಂಗೈಯಲ್ಲಿ ನೇವರಿಸಿ ನೇವರಿಸಿ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ಹೇಳಲು ಹೊರಗೆ ಬೆವರುವವರ ಡೋಸು ಅವನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

"ಹೋಗ್ಬರ್ತೀನಿ ಕಣೇ" ಎಂದ. "ಭಯ ಇದೆ. ಇರ್ಲಿ ಬಿಡು, ಹೋಗ್ತೀನಿ."

ಒಳಗೆ ಬೆಳಕೋ ಬೆಳಕು. ಬೆನ್ನಿಗೆ ಸೂಜಿ ಚುಚ್ಚುವಾಗ ನೋಡಲು ಅಲ್ಲಿ ಕಿಟಕಿ ಇರಲಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಸೊಂಟದ ಕೆಳಗೆಲ್ಲ ಮರಗಟ್ಟುತ್ತ ಬಂತು. ಎದೆಯ ಹತ್ತಿರ ಹಸಿರು ಪರದೆ ಎಳೆದರು. ಪರದೆಯಾಚೆಯಿಂದ ಸರ್ಜನ್ ಕೇಳಿದರು, "ಏನದು ಗೊಣಗಾಟ? ಯಾರ ಹತ್ರ ಮಾತು?"

"ಜೊತೆಗೆ ಬಂದೋರ ಹತ್ರ ಡಾಕ್ಟ್ರೇ."

"ಪೇಷಂಟ್ ಜೊತೆ ಬಂದೋರನ್ನ ಒಳಗೆ ಬಿಡೋ ಹಾಗಿಲ್ಲ. ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ಇವರು ನನಗಿಂತ ಮುಂಚೆನೇ ಬಂದು ಕೂತಿದ್ರು."

ಅರಿವಳಿಕೆ ಕೊಡುವ ಡಾಕ್ಟರು ಒಂದು ಸಲ ಹಿಂದೆ ತಿರುಗಿ ನೋಡಿ, ತಾನೇಕೆ ನೋಡಿದೆ ಎಂದು ಪೆಚ್ಚಾದರು. ಸರ್ಜನ್ ಕೈ ಮುಂದೆ ಮಾಡಿ ಏನನ್ನೋ ಕೇಳಿ ಪಡೆದರು. "ಬಂದಿದ್ರೆ ಒಳ್ಳೇದೇ ಆಯ್ತು. ಸುಮ್ನೆ ಕೂತಿರೋಕೆ ಹೇಳಿ, ನಾನು ಶುರುಮಾಡಿ ಆಯ್ತು."

ಅಭಯಣ್ಣ ತನ್ನ ಕಾಲು ನಡುಗುತ್ತಿಲ್ಲ ಎಂಬುದನ್ನು ಆಗ ಗಮನಿಸಿದ. ಅದೇನೂ ದೊಡ್ಡ ಸಂಗತಿಯಲ್ಲ, ಬೆನ್ನಿಗೆ ಚುಚ್ಚಿದ ಮದ್ದಿನ ಮಹಿಮೆ. ಆದರೆ ಕೈಗೆ ಯಾರೂ ಮದ್ದು ಕೊಟ್ಟಿರಲಿಲ್ಲ. ಎತ್ತಿ ನೋಡಿದ. ಅದೂ ನಡುಗುತ್ತಿರಲಿಲ್ಲ.