ನೂರಾ ಇಪ್ಪತ್ತೇಳು ಹಲ್ಲಿನ ಗೇರು

ಲೇಥ್ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ನೋಡಿ ಕಲಿತವಳು. ವಿವರಣೆಯಲ್ಲಿ ಲೋಪಗಳಿದ್ದರೆ ಬಲ್ಲವರು ಮನ್ನಿಸಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ತಂದೆ ಯಶವಂತಪುರದಲ್ಲಿ ಒಂದೇ ಲೇಥ್ ಇಟ್ಟುಕೊಂಡು ಶೆಡ್ ನಡೆಸುತ್ತಿದ್ದರು. ಅದು ಲೋಹ ಕಡೆಯುವ, ಇಂಚಿನ ಅಳತೆಯ ಹಳೆಯ ಯಂತ್ರ. ಅದರಲ್ಲಿ ಮಿಲಿಮೀಟರ್ ಅಳತೆಯ ಸ್ಕ್ರೂ ಕಡೆಯಲು ನೂರಾ ಇಪ್ಪತ್ತೇಳು ಹಲ್ಲಿನ ಗೇರು ಬೇಕು. ಏಕೆಂದರೆ ಐದು ಇಂಚೆಂದರೆ ಸರಿಯಾಗಿ ನೂರಾ ಇಪ್ಪತ್ತೇಳು ಮಿಲಿಮೀಟರ್. ಒಂದು ಮಂಗಳವಾರ ಆ ಗೇರು ಕೈಜಾರಿ ಬಿದ್ದು ಎರಡು ಹಲ್ಲು ಮುರಿಯಿತು. ಅಂಥದ್ದು ಅಂಗಡಿಯಲ್ಲಿ ತಕ್ಷಣ ಸಿಗುವ ವಸ್ತುವಲ್ಲ. ಶನಿವಾರ ಒಂದು ಕಾರ್ಖಾನೆಗೆ ಮಾದರಿ ಸ್ಕ್ರೂಗಳನ್ನು ಒಪ್ಪಿಸಬೇಕಿತ್ತು. ಪಾಸಾದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಶೆಡ್ ಮುಚ್ಚುವುದೆಂದು ತಂದೆ ನಿರ್ಧರಿಸಿದ್ದರು.

"ಸಣ್ಣ ಗೇರ್‌ಗಳನ್ನ ಸೇರ್ಸಿ ಆ ಲೆಕ್ಕ ತರಕ್ಕಾಗಲ್ವೇನಮ್ಮಾ? ನೀನು ಓದಿರೋಳು, ಹೇಳು."

ನಾನು ನಮ್ಮ ಮನೆಯ ಮೊದಲ ಪದವೀಧರೆ. ಗಣಿತದ ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. ಅದನ್ನು ಕಂಡೇ ತಂದೆ ನನ್ನ ತಂಗಿಯನ್ನು ಮುಂದೆ ಓದಿಸಿರಲಿಲ್ಲ. ನೂರಾ ಇಪ್ಪತ್ತೇಳನ್ನು ಎರಡು, ಮೂರು, ಐದು, ಏಳು, ಹನ್ನೊಂದರಿಂದ ಭಾಗಿಸಿ ನೋಡಿದೆ; ಪ್ರತಿ ಸಲವೂ ಶೇಷ ಉಳಿಯಿತು. ಹದಿಮೂರರ ವರ್ಗವೇ ನೂರಾ ಅರವತ್ತೊಂಬತ್ತು. ಅದರಾಚೆ ಪರೀಕ್ಷಿಸುವ ಅಗತ್ಯವಿಲ್ಲ. ನೂರಾ ಇಪ್ಪತ್ತೇಳು ಅವಿಭಾಜ್ಯ ಸಂಖ್ಯೆ.

"ಯಾವ ಮಗ್ಗಿಗೂ ಬರಲ್ಲ ಅಪ್ಪಾ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಪದವಿಯಿಂದ ಏನಾದರೂ ಉಪಯೋಗವಾಯಿತೆಂದು ತೋರಿಸುವ ತವಕ ನನ್ನನ್ನು ಸುಮ್ಮನಿರಗೊಡಲಿಲ್ಲ. ನೂರಾ ಇಪ್ಪತ್ತಾರಾದರೆ ನಲವತ್ತೆರಡು ಮತ್ತು ಮೂರಾಗಿ ಒಡೆಯುತ್ತದೆ. "ಒಂದೇ ಹಲ್ಲಿನ ವ್ಯತ್ಯಾಸ" ಎಂದೆ. ತಂದೆ ನಂಬಿ, ಇದ್ದ ಗೇರುಗಳನ್ನೇ ಜೋಡಿಸಿ ಒಂದು ಸ್ಕ್ರೂ ಕಡೆದರು. ಸುತ್ತಿನಿಂದ ಸುತ್ತಿಗೆ ತಪ್ಪು ಕೂಡುತ್ತ, ನಟ್ಟು ನಾಲ್ಕು ಸುತ್ತು ಒಳಹೋಗಿ ಬಿಗಿದುಕೊಂಡಿತು.

"ಒಂದೇ ಹಲ್ಲು ಅಂದ್ಯಲ್ಲ, ನೋಡು, ಹೆಂಗೆ ಮುನಿಸ್ಕೊಂಡು ಕೂತಿದೆ!"

ಗುರುವಾರವಿಡೀ ನಾನು ಕುಳಿತಲ್ಲಿ ಕುಳಿತಿರಲಾರದೆ ಶೆಡ್ಡಿನಲ್ಲಿ ಅಡ್ಡಾಡಿದೆ. ಹೊಸ ಗೇರನ್ನು ನಾವೇ ಕೊರೆಯಬೇಕೆಂದರೆ ಒಂದು ಸುತ್ತನ್ನು ನೂರಾ ಇಪ್ಪತ್ತೇಳು ಸಮಭಾಗ ಮಾಡಬೇಕಿತ್ತು. ಕೊನೆಗೆ ಕಾಲೇಜಿನ ಗ್ರಾಫ್ ಹಾಳೆಗಳನ್ನು ಪಟ್ಟಿಯಾಗಿ ಕತ್ತರಿಸಿ, ಉದ್ದಕ್ಕೆ ಅಂಟಿಸಿ, ಐದೈದು ಮಿಲಿಮೀಟರಿಗೊಂದು ಗೆರೆ ಎಳೆದೆ. ಮೊದಲ ಸಲ ಭಾಗಗಳ ಬದಲು ಗೆರೆಗಳನ್ನು ಎಣಿಸಿದ್ದೆ. ಮತ್ತೆ ನೂರಾ ಇಪ್ಪತ್ತಾರೇ ಆಗಿತ್ತು. ಇನ್ನೊಂದು ಭಾಗ ಸೇರಿಸಿ, ಮೂರು ಸಲ ಎಣಿಸಿಯೂ ಧೈರ್ಯ ಬರದೆ ತಂದೆಯಿಂದಲೂ ಎಣಿಕೆ ಮಾಡಿಸಿದೆ.

"ಅರ್ಧ ಮಾಡಕ್ಕೂ ಬರಲ್ಲ, ಕಾಲು ಮಾಡಕ್ಕೂ ಬರಲ್ಲ. ಒಳ್ಳೆ ಹಟಮಾರಿ ಕಣಮ್ಮಾ ಇದು, ನಿನ್ನ ಥರಾನೇ" ಎಂದು ಅವರು ನಕ್ಕರು.

ಕಾಗದದ ತುದಿಗಳು ಕೂಡುವವರೆಗೆ ಒಂದು ಮರದ ಚಕ್ರವನ್ನು ಕಡೆದು, ಪಟ್ಟಿಯನ್ನು ಅದರ ಸುತ್ತ ಅಂಟಿಸಿದೆವು. ಶುಕ್ರವಾರ ಪಕ್ಕದ ಶೆಡ್ಡಿನಲ್ಲಿ ಲೋಹ ಕೆತ್ತುವ ಶೇಪಿಂಗ್ ಯಂತ್ರದ ಮೇಲೆ ಆ ಚಕ್ರವನ್ನೂ ಹೊಸ ಗೇರಿಗಾಗಿ ಇನ್ನೂ ಹಲ್ಲಿಲ್ಲದ ಬಿಲ್ಲೆಯನ್ನೂ ಒಂದೇ ದಂಡಕ್ಕೆ ಕೂರಿಸಿದೆವು. ನಾನು ಒಂದೊಂದು ಗೆರೆಗೂ ಚಕ್ರ ತಿರುಗಿಸಿ ಕೂಗಿ ಹೇಳಿದೆ. ತಂದೆ ಹಲ್ಲು ಕೊರೆದರು. ಕೊನೆಯ ಹಲ್ಲು ಮೊದಲ ಹಲ್ಲಿನ ಪಕ್ಕ ಸರಿಯಾಗಿ ಬಂದು ನಿಂತಿತು.

ಶನಿವಾರ, ಆ ಗೇರು ಹಾಕಿ ಕಡೆದ ಸ್ಕ್ರೂವಿನ ಈ ತುದಿಯಿಂದ ಆ ತುದಿಯವರೆಗೆ ನಟ್ಟು ಸಲೀಸಾಗಿ ಓಡಿತು. ಆರ್ಡರ್ ಸಿಕ್ಕಿತು, ಶೆಡ್ ಉಳಿಯಿತು. ನಾನು ಅರ್ಜಿ ಹಾಕುವುದನ್ನು ಬಿಟ್ಟು ಅಲ್ಲಿಯೇ ಡ್ರಾಯಿಂಗ್ ಮತ್ತು ಅಳತೆಯ ಕೆಲಸ ವಹಿಸಿಕೊಂಡೆ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ತಂಗಿಯನ್ನು ತಂದೆ ಆ ವರ್ಷವೇ ಪಿಯುಸಿಗೆ ಸೇರಿಸಿದರು.