ತೊಡೆಗೆ ಕಟ್ಟಿದ ದಾರ

ಹತ್ತು ದಿನ ನನಗಿದ್ದ ಕೆಲಸ ಒಂದೇ: ತಮ್ಮ ಅಲ್ಲಾಡದ ಹಾಗೆ ನೋಡಿಕೊಳ್ಳುವುದು. ನನಗೆ ಆಗ ಹನ್ನೊಂದು ವರ್ಷ, ಅವನಿಗೆ ಆರು. ಹತ್ತು ದಿನ ಎಂದು ಬರೆದೆ. ಎಂಟೂ ಇರಬಹುದು, ಹನ್ನೆರಡೂ ಇರಬಹುದು. ಮನೆಯಲ್ಲಿ ಹೇಳಿ ಹೇಳಿ ಹತ್ತು ಎಂದು ನಿಂತುಹೋಗಿದೆ. ನಿಜವಾಗಿ ನನಗೆ ಉಳಿದಿರುವುದು ದಣಿವು. ಕಬ್ಬಿಣದ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಒಂದು ಮಗುವಿನ ಎಡತೊಡೆಯನ್ನು ದಿನವಿಡೀ ಕಾಯುತ್ತಿದ್ದರೆ ಬರುವ ದಣಿವು. ಈಗಲೂ ಒಮ್ಮೊಮ್ಮೆ ಅದು ಕತ್ತಿನ ಹಿಂದೆ ಬಂದು ಕೂರುತ್ತದೆ.

ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡುತ್ತಿದ್ದ. ಅಮ್ಮ ಬೂದಿಕೋಟೆ ಹತ್ತಿರದ ತವರಿನಲ್ಲಿ ಬಾಣಂತಿ. ಹುಟ್ಟಿದ್ದು ಮತ್ತೊಂದು ಹೆಣ್ಣು. ಗಣಿ ಕೆಲಸಗಾರರ ಲೈನುಮನೆಯಲ್ಲಿ ನಮ್ಮನ್ನು ನೋಡಿಕೊಳ್ಳಲು ಅಪ್ಪನ ತಾಯಿ ಬಂದಿದ್ದಳು. ತಮ್ಮನಿಗೆ ಹುಟ್ಟಿದಾಗಿನಿಂದ ಎಡಗಡೆಯ ಬೀಜ ಇಳಿದಿರಲಿಲ್ಲ. ಅಜ್ಜಿ ವರ್ಷಗಟ್ಟಲೆ ಹರಳೆಣ್ಣೆ ಹಚ್ಚಿ ನೀವಿದ್ದಳು. ‘ಇಳೀತದೆ ಬುಡು, ಅದ್ಕೇನು ಅವಸ್ರ’ ಅನ್ನುತ್ತಿದ್ದಳು. ಕೊನೆಗೆ ತೊಡೆಸಂದಿಯಲ್ಲಿ ಊತ ಬಂದಾಗ ಅಪ್ಪ ಅವನನ್ನು ಗಣಿಯ ಆಸ್ಪತ್ರೆಗೆ ಹೊತ್ತುಕೊಂಡು ಹೋದ. ಬಿಳಿಯ ಡಾಕ್ಟರು ಒತ್ತಿ ನೋಡಿ ಹೇಳಿದ್ದನ್ನು ಕಾಂಪೌಂಡರು ಅಪ್ಪನಿಗೆ ತಿಳಿಸಿದರಂತೆ: ಅದು ದಾರಿಯಲ್ಲೇ ಸಿಕ್ಕಿಕೊಂಡಿದೆ, ಇನ್ನು ತಾನಾಗಿ ಇಳಿಯುವುದಿಲ್ಲ. ಅಲ್ಲೇ ಬಿಟ್ಟರೆ ಬಾಡಿಹೋಗುತ್ತದೆ, ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಕೊಯ್ದು ಕೆಳಕ್ಕೆಳೆದು ಕೂರಿಸಬೇಕು.

ಅಜ್ಜಿ ಬಾಗಿಲಲ್ಲೇ ಕುಸಿದು ಕೂತಳು. ‘ಕುಯ್ತಾರಾ? ಓರಿಗ್ ಮಾಡ್ದಂಗ್ ಮಾಡ್ಬುಟ್ರೆ ಏನ್ಲಾ ಗತಿ? ಇರಾದೊಂದ್ ಗಂಡು.’

‘ಓರಿಗೆ ತೆಗೀತಾರೆ ಕಣವ್ವ, ಇವ್ನಿಗೆ ಇಡ್ತಾರೆ. ಸುಮ್ಕಿರು,’ ಅಂದ ಅಪ್ಪ. ಪಾಳಿಗೆ ಹೊತ್ತಾಗಿತ್ತು, ಹೊರಟುಹೋದ.

ಆಪರೇಷನ್ನಿನ ಬೆಳಿಗ್ಗೆ ವಾರ್ಡಿನ ಆಯಾ ಕತ್ತರಿ ಹಿಡಿದು ಬಂದಳು. ಅವಳದು ತಮಿಳು, ಕನ್ನಡ ಅರೆಬರೆ; ಅಜ್ಜಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಬಾರದು. ಲೈನಿನಲ್ಲಿ ಬೆಳೆದ ನನಗೆ ಮೂರೂ ಬರುತ್ತಿದ್ದವು. ತಮ್ಮನ ಸೊಂಟದ ಕಪ್ಪು ಉಡಿದಾರ ತೋರಿಸಿ ಆಯಾ, ‘ಪಾಟೀ, ಈ ಅರ್ಣಾಕೊಡಿ ತೆಗೀಬೇಕು, ಉಳ್ಳೆ ಬರಕೂಡಾದು,’ ಅಂದಳು. ಆಪರೇಷನ್ನಿನ ಕೋಣೆಯೊಳಗೆ ಅದು ಬರಬಾರದಂತೆ.

‘ಉಡ್ದಾರ ಅರಿಯಾದು ಎಣಕ್ಕೆ ಕಣಮ್ಮ!’ ಅಜ್ಜಿ ಎರಡು ಕೈಯಲ್ಲೂ ಅವನ ಸೊಂಟ ಹಿಡಿದುಕೊಂಡಳು. ‘ಜೀವ ಇರೋ ಮಗೀಗೆ ಅರೀತಾರಾ?’

ಪಕ್ಕದ ಮಂಚದ ತೆಲುಗಿನವಳು, ‘ಅಯ್ಯೋ, ಮೊಲತಾಡು ತೆಗಿಬ್ಯಾಡ್ರಮ್ಮಾ,’ ಎಂದು ತನ್ನದನ್ನೂ ಸೇರಿಸಿದಳು. ಆಯಾ ದಾರದಡಿ ಕತ್ತರಿ ತೂರಿಸಿದಳು. ಕತ್ತರಿಸಿ ನನ್ನ ಕೈಗಿತ್ತಳು. ಬೆವರಿನಿಂದ ಒರಟಾಗಿದ್ದ ದಾರ. ಲಂಗದ ತುದಿಗೆ ಗಂಟು ಹಾಕಿಕೊಂಡೆ.

ತಮ್ಮ ವಾಪಸು ಬಂದಾಗ ಬಾಯಿಂದ ಕ್ಲೋರೋಫಾರಂ ವಾಸನೆ ಬರುತ್ತಿತ್ತು. ತೊಡೆಸಂದಿಯ ಬ್ಯಾಂಡೇಜಿನೊಳಗಿಂದ ಸಣ್ಣದೊಂದು ದಾರ ಹೊರಟು ಒಂದು ರಬ್ಬರ್ ಉಂಗುರಕ್ಕೆ ಸೇರಿತ್ತು. ರಬ್ಬರನ್ನು ಎಳೆದು ಪ್ಲಾಸ್ಟರಿನಿಂದ ತೊಡೆಗೆ ಅಂಟಿಸಿದ್ದರು. ಆಯಾ ನನಗೆ ತಮಿಳಿನಲ್ಲಿ ಬಿಡಿಸಿ ಹೇಳಿದಳು: ಕೆಳಗೆ ಇಳಿಸಿದ್ದು ಅಲ್ಲೇ ಕಚ್ಚಿಕೊಳ್ಳುವವರೆಗೆ ಈ ದಾರ ಎಳೆದು ಹಿಡಿಯಬೇಕು. ಸಡಿಲವಾದರೆ ಅದು ಮತ್ತೆ ಮೇಲೇರುತ್ತದೆ. ಹುಡುಗ ಅಲ್ಲಾಡಬಾರದು, ದಾರವನ್ನು ಯಾರೂ ಮುಟ್ಟಬಾರದು.

‘ಏನಂತೆ?’ ಎಂದು ಅಜ್ಜಿ ಕೇಳಿದಳು.

‘ಮುಟ್ಬಾರ್ದಂತೆ,’ ಅಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಹೇಳಬೇಕಾದರೆ ಹೆಣ್ಣುಹುಡುಗಿ ಆಡಬಾರದ ಮಾತು ಆಡಬೇಕಿತ್ತು.

ಆಮೇಲಿನ ದಿನಗಳು ಒಂದರೊಳಗೊಂದು ಕಲಸಿಹೋಗಿವೆ. ನೊಣ ಓಡಿಸಿದೆ, ಗಂಜಿ ಕುಡಿಸಿದೆ. ಗಣಿಯ ಕೂಗು ಆದಾಗಲೆಲ್ಲ ಪಾಳಿ ಬದಲಾಗುತ್ತಿತ್ತು, ನನ್ನದು ಬದಲಾಗುತ್ತಿರಲಿಲ್ಲ.

‘ಅಕ್ಕಾ, ಕಾಲ್ ಮಡೀಲಾ?’

‘ಬ್ಯಾಡ.’

‘ವಸಿ?’

‘ವಸಿನೂ ಬ್ಯಾಡ.’

‘ಆವು ಬಂದ್ರೆ?’

‘ಆವು ಬಂದ್ರೂ ಬ್ಯಾಡ. ಕಚ್ಚುಸ್ಕಂಡು ಸುಮ್ಕೆ ಮಲ್ಗಿರು.’

ನಾಲ್ಕನೆಯ ದಿನಕ್ಕೆ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಅಜ್ಜಿ ಬೌರಿಂಗ್‌ಪೇಟೆ ಸಂತೆಯಿಂದ ಹೊಸ ಕಪ್ಪು ದಾರ ತಂದಳು. ತಮ್ಮ ನಿದ್ದೆ ಹೋಗಿದ್ದ. ಹೊದಿಕೆ ಸರಿಸಿ ತುಂಬ ಹೊತ್ತು ನೋಡಿದಳು.

‘ನೋಡೇ, ಕಟ್ಟವ್ರೆ, ಕಟ್ಟಿಲ್ಲ ಅನ್ನಂಗಿಲ್ಲ. ಆದ್ರೆ ಎಲ್ಲಿಗ್ ಕಟ್ಟವ್ರೆ! ಉಡ್ದಾರವ ತೊಡೆಗ್ ಕಟ್ತಾರಾ? ದೊರೆಗೋಳ್ಗೆ ಏನ್ ತಿಳೀತದೆ ಪಾಪ.’

ಡಾಕ್ಟರು ಹಳೆಯ ದಾರ ಕತ್ತರಿಸಿದ ತಪ್ಪು ತಿಳಿದು ಬೇರೆ ಉಡಿದಾರ ಕಟ್ಟಿಸಿದ್ದಾರೆ, ಜಾಗ ಮಾತ್ರ ಗೊತ್ತಾಗಿಲ್ಲ: ಅಜ್ಜಿಗೆ ಕಂಡಿದ್ದು ಇಷ್ಟು. ನನಗೆ ಕಣ್ಣು ಎಳೆಯುತ್ತಿತ್ತು. ಹಾಸಿಗೆಯ ಅಂಚಿಗೆ ತಲೆಯಿಟ್ಟು ನಿದ್ದೆ ಹೋದೆ. ಎದ್ದಾಗ ರಬ್ಬರ್ ಉಂಗುರ ನೆಲದ ಮೇಲಿತ್ತು. ಬ್ಯಾಂಡೇಜಿನಿಂದ ಹೊರಟ ದಾರವನ್ನು ಹೊಸ ಕಪ್ಪು ದಾರಕ್ಕೆ ಹೆಣೆದು ಸೊಂಟಕ್ಕೆ ಕಟ್ಟಿಯಾಗಿತ್ತು. ಕೆಳಕ್ಕೆ ಎಳೆಯಬೇಕಾದದ್ದು ಈಗ ಮೇಲಕ್ಕೆ ಎಳೆಯುತ್ತಿತ್ತು. ಅಜ್ಜಿ ಕೆಲಸ ಮುಗಿಸಿದವಳ ಹಾಗೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

ನಾಲ್ಕು ಗಂಟೆಗೆ ಡಾಕ್ಟರು ಬಂದರು. ಹೊದಿಕೆ ಎತ್ತಿದವರು ಕೂಗಾಡಿದರು. ನರ್ಸಮ್ಮ ಅದನ್ನು ತಮಿಳು ಮಾಡಿದರು, ಆಯಾ ಕನ್ನಡ ಮಾಡಿದಳು: ‘ಯಾರು ಕೈ ಹಾಕಿದ್ದು? ಹುಡ್ಗನ ಬಾಳು ಹೋಗುತ್ತೆ ಅಂತಾರೆ ದೊರೆ. ಯಾರು?’

ಅಜ್ಜಿಯ ಬಾಯಿಯ ಎಲೆ ನಿಂತುಹೋಯಿತು. ಅವಳ ಕೈ ನನ್ನ ಲಂಗ ಹಿಡಿದುಕೊಂಡಿತು. ನಾನು ತಮ್ಮನ ಕಡೆ ಬೆರಳು ತೋರಿಸಿದೆ.

‘ಇವ್ನೇ ಕಿತ್ಕಂಡ. ಅಜ್ಜಿ ಸುಮ್ಕೆ ಗಂಟಾಕುದ್ಲು.’

‘ನಾನಲ್ಲ! ನಾ ಮಲ್ಗಿದ್ದೆ!’ ಎಂದು ಅವನು ಅತ್ತ. ನಾನು ಅವನ ಮುಖ ನೋಡಲಿಲ್ಲ.

ದಾರವನ್ನು ಮತ್ತೆ ರಬ್ಬರಿಗೆ ಸೇರಿಸಿ ತೊಡೆಗೆ ಬಿಗಿದರು. ಅವನು ಕಿರುಚಿದ್ದು ವಾರ್ಡಿನ ಆಚೆಗೂ ಕೇಳಿರಬೇಕು. ಮತ್ತೆ ಕೀಳದ ಹಾಗೆ ಅವನ ಎರಡು ಕೈಗಳನ್ನೂ ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದರು. ಮೂರು ದಿನ ನಾನೇ ಬಾಯಿಗೆ ತುತ್ತಿಟ್ಟೆ, ಮೂಗು ಕೆರೆದೆ. ಎರಡನೆಯ ದಿನ ಅವನು ಮೆಲ್ಲಗೆ ಕೇಳಿದ:

‘ಅಕ್ಕಾ, ನಾ ಯಾವಾಗ್ ಕಿತ್ತೆ?’

‘ನಿದ್ದೇಲಿ.’

‘ಯಾವ್ ಕೈಲಿ?’

‘ಬಲಗೈಲಿ.’

ಸರಳಿಗೆ ಕಟ್ಟಿದ್ದ ತನ್ನ ಬಲಗೈಯನ್ನು ಅವನು ನೋಡಿಕೊಂಡ. ಅಳಲಿಲ್ಲ.

ದಾರ ತೆಗೆದ ದಿನ ಡಾಕ್ಟರು ಮುಟ್ಟಿ ನೋಡಿ ಒಂದು ಮಾತು ಹೇಳಿದರು. ಮೂರು ಬಾಯಿ ದಾಟಿ ಅದು ನಮಗೆ ಬಂದದ್ದು ಹೀಗೆ: ಸದ್ಯಕ್ಕೆ ಇದೆ, ನಿಲ್ಲುತ್ತದೋ ಇಲ್ಲವೋ ಮುಂದೆ ನೋಡಬೇಕು.

ಆ ನೋಡುವುದು ಮುಗಿಯಲೇ ಇಲ್ಲ. ಅವನಿಗೆ ನೀರು ಹಾಕಿ ಅಮ್ಮ ಹೊರಗೆ ಬಂದಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ. ‘ಐತೆ, ವಸಿ ಮೇಲೈತೆ,’ ಅನ್ನುತ್ತಿದ್ದಳು. ಅವನು ದೊಡ್ಡವನಾದ ಮೇಲೆ ಅದೂ ನಿಂತಿತು. ಅವನಿಗೆ ಮದುವೆಯಾಗಿ ಒಂದು ವರ್ಷ ಕಳೆಯಿತು, ಎರಡು ಕಳೆಯಿತು. ಜನ ಅವನ ಹೆಂಡತಿಯ ಹೊಟ್ಟೆ ನೋಡಿ ಮಾತಾಡುತ್ತಿದ್ದರು. ಅವಳು ಅತ್ತದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡು ಸಲವೂ ಬಾಯಿ ಬಿಡಲಿಲ್ಲ. ನಾಲ್ಕನೆಯ ವರ್ಷ ಗಂಡುಮಗು ಹುಟ್ಟಿತು. ಸಂತೋಷವಾಗಲಿಲ್ಲ, ಎಲ್ಲಾದರೂ ಮಲಗಿಬಿಡಬೇಕು ಅನ್ನಿಸಿತು.

ಊರಿಗಾಂ ಲೈನಿನ ಅವನ ಮನೆಯಲ್ಲಿ ತೊಟ್ಟಿಲಿಗೆ ಹಾಕಿದ ದಿನ ಉಡಿದಾರ ಕಟ್ಟುವ ಕೆಲಸ ಸೋದರತ್ತೆಯಾದ ನನ್ನದು. ತಮ್ಮ ಬಂದವರಿಗೆ ತನ್ನ ಕತೆ ಹೇಳುತ್ತಿದ್ದ. ‘ನಾನು ಬಲೇ ಕೇಡಿ ಕಣ್ರಪ್ಪ. ಆ ದಾರವ ಈ ಬಲಗೈಲಿ ಇಡ್ಕಂಡು ಪಟ್ ಅಂತ ಕಿತ್ತೆ. ರಬ್ಬರು ತೊಡೆಗೆ ಒಡೀತು ನೋಡಿ, ಆ ಉರಿ ಇನ್ನೂ ಗ್ಯಾಪ್ಕ ಐತೆ.’

‘ಊಂ ಕಣಪ್ಪ,’ ಅಂದಳು ಕಣ್ಣು ಹೋಗಿದ್ದ ಅಜ್ಜಿ. ‘ಆಗ್ಲಿಂದ್ಲೂ ಇವ್ನು ಇಂಗೇಯ.’ ನಟಿಸುತ್ತಿದ್ದಳೋ, ನಂಬಿಬಿಟ್ಟಿದ್ದಳೋ ತಿಳಿಯಲಿಲ್ಲ.

ನಾನು ಮಗುವಿನ ಸೊಂಟದ ಸುತ್ತ ದಾರ ತಂದು ಗಂಟು ಹಾಕಲು ಹೋದೆ. ದಾರ ಜಾರುತ್ತಿತ್ತು. ಅಜ್ಜಿ ತಡವರಿಸಿ ಕೈ ಚಾಚಿ, ‘ಬೆರ್ಳಿಡ್ಲಾ?’ ಎಂದು ಗಂಟಿನ ಮೇಲೆ ಬೆರಳಿಟ್ಟಳು.

ಆಸ್ಪತ್ರೆಯ ಆ ಮಧ್ಯಾಹ್ನವೂ ಒಂದು ಬೆರಳು ಬೇಕಾಗಿತ್ತು. ‘ಬೆರ್ಳಿಡೇ, ಜಾರ್ತದೆ’ ಎಂಬ ಅಜ್ಜಿಯ ಮಾತು ನನ್ನ ಕಿವಿಯಲ್ಲಿದೆ. ನಿದ್ದೆ ಹೋದೆ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕುವುದಿಲ್ಲ, ಅಷ್ಟು ವರ್ಷ ಅದೇ ನಡೆದುಬಂದಿದೆ. ಆದರೆ ನಿದ್ದೆ ಹೋದವಳಿಗೆ ಅಜ್ಜಿ ರಬ್ಬರಿನಿಂದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿದ ಸದ್ದು ಹೇಗೆ ಗೊತ್ತು? ಯಾಕೆ ಮುಟ್ಟಬಾರದು ಎಂದು ಅಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಬೇಸತ್ತಿದ್ದೆ. ಬೇಡ ಅನ್ನುವಷ್ಟು ಶಕ್ತಿಯೂ ಇರಲಿಲ್ಲವೋ ಏನೋ.

ಊಟ ಮುಗಿದು ಜನ ಹೋದ ಮೇಲೆ ತಮ್ಮನಿಗೆ ಹೇಳಿದೆ. ‘ಅದ್ನ ಕಿತ್ತಿದ್ದು ನೀನಲ್ಲ ಕಣೋ. ಅಜ್ಜಿ ಬಿಚ್ಚಿದ್ಲು. ನಾನು ನೋಡ್ತಾ ಕೂತಿದ್ದೆ.’

ಅವನು ಜೋರಾಗಿ ನಕ್ಕ. ‘ಓಗಕ್ಕೋ! ನನ್ ಕೈ ನಂಗ್ ತಿಳೀದಾ? ನಿಂಗೇನ್ ಗೊತ್ತು, ನೀನ್ ನಿದ್ದೆ ಒಡೀತಿದ್ದೆ.’

ಇನ್ನೊಮ್ಮೆ ಹೇಳಲು ಹೋಗಲಿಲ್ಲ. ಮಗು ಅಳುತ್ತಿತ್ತು. ಉಡಿದಾರ ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ನೋಡಿದೆ. ಬಿಗಿಯಾಗಿರಲಿಲ್ಲ.