ಚಿತ್ರಶಾಲೆಗಾಗಿ ಒಂದು ತಾಸು ಸತ್ತದ್ದು

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕೊಪ್ಪಳದಲ್ಲಿ ನಾನು ತೀರಿಕೊಂಡೆ. ಹನ್ನೆರಡಕ್ಕೆ ಎದ್ದೆ. ವರದಿಗಾರನಾದವನು ವೇಳೆಯನ್ನಾದರೂ ಸರಿಯಾಗಿ ಬರೆಯಬೇಡವೇ?

ನಡೆದದ್ದು ಇಷ್ಟು. ನಮ್ಮೂರಿನ ಚಿತ್ರಶಾಲೆಯ ಇತಿಹಾಸ ಬರೆಯಲೆಂದು ಹೋಗಿದ್ದೆ. ಇತಿಹಾಸ ದೊಡ್ಡದೇನಲ್ಲ. ಹತ್ತಿ ಗೋದಾಮಿನ ಒಂದು ಮೂಲೆ, ಬಸಪ್ಪ ಮಾಸ್ತರು, ಒಂಬತ್ತು ವಿದ್ಯಾರ್ಥಿಗಳು. (ಯುದ್ಧ ಶುರುವಾದ ಮೇಲೆ ಬಣ್ಣ ಸಿಗುತ್ತಿಲ್ಲ, ಎಲ್ಲ ಇದ್ದಿಲಿನಲ್ಲೇ.) ಮೊದಲ ವರ್ಷ ತಂಬಿಗೆ ಬರೆದರು. ಎರಡನೇ ವರ್ಷ ಬದನೆಕಾಯಿ. ಮೂರನೇ ವರ್ಷ ಮನುಷ್ಯ ಬೇಕಾದ. ಯಾರೂ ಒಪ್ಪಲಿಲ್ಲ. ನಮ್ಮ ಕಡೆ ಮನುಷ್ಯನ ಚಿತ್ರ ಬರೆಸುವುದು ಅವನು ಸತ್ತ ಮೇಲೆ. ಬದುಕಿದ್ದಾಗ ಯಾರು ಪೋಸ್ ಕೊಡುತ್ತಾರೆ?

ಕೊನೆಗೆ ನಾನೇ ಕೂತೆ. ಬರೆದ ಚಿತ್ರಕ್ಕೆ ಇದ್ದಿಲು ಉದುರದಂತೆ ಗೋಂದಿನ ನೀರು ಚಿಮುಕಿಸಿ, ಒಣಗಲೆಂದು ಬಾಗಿಲಿಗೆ ತೂಗುಹಾಕಿದರು.

ಅಂದೇ ಸರಕಾರದ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಈ ಶಾಲೆಯಿಂದ ಊರಿಗೇನು ಉಪಯೋಗ ಎಂದು ಹೋದ ಸಲವೇ ಕೇಳಿದ್ದರು. ಈ ಸಲವೂ ಉತ್ತರ ಸಿಗದಿದ್ದರೆ ಬೀಗ.

ಅವರಿಗಿಂತ ಮೊದಲು ಬಂದವರು ಬೇವೂರಿನ ನನ್ನ ಸೋದರಮಾವ. ಪೇಟೆಗೆ ಬಂದವರು ಬಾಗಿಲಲ್ಲಿ ನನ್ನ ಮುಖ ಕಂಡರು. ಇನ್ನು ಕೇಳುವುದೇನಿದೆ? ಮಾಲೆ ತಂದು ಹಾಕಿ, ಮೆಟ್ಟಿಲ ಮೇಲೆ ಕೂತು ಅತ್ತರು.

"ಎಂಥಾ ಹುಡುಗ ಹೋದ್ಯೋ! ನನ್ನ ಛತ್ರಿ ಒಯ್ದಾಂವ ತಿರುಗಿ ಕೊಡದ ಹೋದ್ಯಲ್ಲೋ!"

ಒಳಗಿದ್ದ ನಾನು ಹೊರಗೆ ಹೊರಟೆ. ಅಷ್ಟರಲ್ಲಿ ಸಾಹೇಬರ ಟಾಂಗಾ ನಿಂತಿತು. ಮಾಸ್ತರು ನನ್ನನ್ನು ಹತ್ತಿ ಅಂಡಿಗೆಗಳ ಹಿಂದೆ ತಳ್ಳಿದರು.

"ಒಂದ ತಾಸು ಸತ್ತಿರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಸಾಲಿ ಉಳೀತೈತಿ."

ಸತ್ತೆ. (ಹತ್ತಿಯ ಧೂಳು. ಸೀನು ತಡೆದುಕೊಂಡೇ ಸತ್ತೆ.)

ಸಾಹೇಬರು ಮಾವನ ಕಣ್ಣೀರು ನೋಡಿದರು, ಚಿತ್ರ ನೋಡಿದರು, ತಲೆಬಾಗಿ ನಿಂತರು. (ಛತ್ರಿಯ ಮಾತು ಅವರಿಗೆ ತಿಳಿಯಲಿಲ್ಲ, ಕನ್ನಡ ಬಾರದು.) ಸರಕಾರದ ಭಾಷೆಯಾದ ಉರ್ದುವಿನಲ್ಲಿ ರಿಪೋರ್ಟ್ ಬರೆದರು: ಸತ್ತವರ ಮುಖವನ್ನು ಮನೆಯವರಿಗೆ ಉಳಿಸಿಕೊಡುವ ಇಂಥ ಶಾಲೆ ಊರಿಗೆ ಬೇಕೇ ಬೇಕು, ಮಂಜೂರಿಗೆ ಶಿಫಾರಸು.

ಟಾಂಗಾ ಮರೆಯಾದ ಮೇಲೆ ಹೊರಬಂದೆ. ಮಾವ ನನ್ನನ್ನು ನೋಡಿದರು. ಚಿತ್ರವನ್ನೂ ನೋಡಿದರು.

"ಚಿತ್ರದಾಗನ ಛಲೋ ಇದ್ದಿ ನೋಡು. ಛತ್ರಿ ಎಲ್ಲೈತಿ?"

ಮಂಜೂರಿ ಇನ್ನೂ ಕೈಸೇರಿಲ್ಲ. ಅಲ್ಲಿಯವರೆಗೆ ನಾನು ಬೀದಿಯಲ್ಲಿ ಕಾಣಿಸಿಕೊಳ್ಳಬಾರದೆಂದು ಮಾಸ್ತರ ಅಪ್ಪಣೆ. ಸಾಹೇಬರು ಕನ್ನಡ ಪತ್ರಿಕೆ ಓದಲಾರರು ಎಂಬ ಒಂದೇ ಧೈರ್ಯದಿಂದ ಇದನ್ನೆಲ್ಲ ಬರೆದಿದ್ದೇನೆ.

ನೀವ್ಯಾರೂ ಹೋಗಿ ಓದಿ ಹೇಳುವುದಿಲ್ಲ ತಾನೆ?